ಸಿಗ್ನಲ್ ಅಟ್ಟದಲ್ಲಿ, ಕೆಲಸ ಜಗಲಿಯಲ್ಲಿ

ಮಲೆನಾಡಿನ ಮನೆಗಳಲ್ಲಿ ಈಗ ನೆಂಟರು ಬಂದು ಕೈಕಾಲು ತೊಳೆದು ಕೂರುವಷ್ಟರಲ್ಲಿ ಫೋನ್ ಎಲ್ಲಿ ಇಡಬೇಕೆಂಬುದನ್ನೂ ಹೇಳಿಬಿಡುತ್ತಾರೆ. ಸಿದ್ದಾಪುರದ ಕಡೆಯ ಅಜ್ಜಿಯೊಬ್ಬರು ಬೆಂಗಳೂರಿನಿಂದ ಬಂದ ಮೊಮ್ಮಗನಿಗೆ, ‘ತಮಾ, ಫೋನು ಅಟ್ಟದ ಕಿಟಕಿಲಿ ಇಡು, ಇಲ್ಲಿ ಸಿಗ್ನಲ್ ಸಿಗ್ತಿಲ್ಲೆ’ ಎಂದದ್ದನ್ನು ನಾನು ಕೇಳಿದ್ದೇನೆ. ಆ ಮಾತಿನಲ್ಲಿ ರೇಡಿಯೊ ತರಂಗದ ಪಾಠವೇ ಇದೆ. ಅಡಿಕೆ ತೋಟ ಇರುವುದು ನೀರಿನ ಪಸೆ ಇರುವ ತಗ್ಗಿನಲ್ಲಿ, ಮನೆ ತೋಟದ ತಲೆಗೆ, ಸುತ್ತಲೂ ಗುಡ್ಡ. ಟವರ್ ಇರುವುದು ಪೇಟೆಯ ಹತ್ತಿರವೋ ಹೆದ್ದಾರಿಯ ಬದಿಗೋ. ಗುಡ್ಡದ ನೆತ್ತಿ ಸವರಿಕೊಂಡು ಬರುವ ತರಂಗ ಮನೆಯ ಮಾಡಿನ ಎತ್ತರಕ್ಕೆ ಒಂದಿಷ್ಟು ಸಿಗುತ್ತದೆ. ಕೆಳಗೆ ಕೆಂಪುಕಲ್ಲಿನ ದಪ್ಪ ಗೋಡೆಯೊಳಗೆ ಏನೂ ಉಳಿಯುವುದಿಲ್ಲ.

ಹಾಗಾಗಿ ಫೋನ್ ಅಟ್ಟದ ಮೇಲೆ, ಕೆಲಸ ಮಾಡುವವರು ಜಗಲಿಯಲ್ಲಿ. ನಡುವೆ ಕಣ್ಣಿಗೆ ಕಾಣದ ಒಂದು ಎಳೆ: ಹಾಟ್‌ಸ್ಪಾಟ್. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು, ಕಚೇರಿಯ ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿದ ಎಷ್ಟೋ ಮಂದಿಯ ನೌಕರಿ ಉಳಿದದ್ದು ಇದರಿಂದ. ಪೇಟೆಯಲ್ಲಿ ಫೈಬರ್ ಕೈಕೊಟ್ಟಾಗ ಮಾತ್ರ ನೆನಪಾಗುವ ಈ ಸೌಲಭ್ಯ ನಮ್ಮ ಹಳ್ಳಿಗಳಲ್ಲಿ ಏಕೈಕ ಇಂಟರ್ನೆಟ್. ಇದನ್ನು ಅರಿತು ಬಳಸಬೇಕು. ಇದರಿಂದ ಎಲ್ಲವೂ ಸರಿಹೋಯಿತು ಎಂದು ಯಾರೂ ಕೈತೊಳೆದುಕೊಳ್ಳಲೂ ಬಾರದು.

ಹಾಟ್‌ಸ್ಪಾಟ್ ಗುಂಡಿ ಒತ್ತಿದಾಗ ಫೋನ್ ಒಟ್ಟಿಗೆ ಎರಡು ಕೆಲಸ ಹೊರುತ್ತದೆ. ಒಂದು ಕಡೆ ಟವರ್ ಜೊತೆ ಮಾತಾಡುವ ಮೋಡೆಮ್. ಇನ್ನೊಂದು ಕಡೆ ಮನೆಯೊಳಗೆ ವೈಫೈ ಹರಡುವ ರೂಟರ್. ಲ್ಯಾಪ್‌ಟಾಪ್‌ಗೆ ಅದು ಮನೆಯೊಳಗಷ್ಟೇ ನಡೆಯುವ ಒಂದು ವಿಳಾಸ ಕೊಡುತ್ತದೆ. ಲ್ಯಾಪ್‌ಟಾಪ್ ಕೇಳಿದ್ದನ್ನೆಲ್ಲ ತನ್ನ ಹೆಸರಿನಲ್ಲೇ ಹೊರಗೆ ಕೇಳಿ, ಬಂದ ಉತ್ತರವನ್ನು ಸರಿಯಾದ ಯಂತ್ರಕ್ಕೆ ತಲುಪಿಸುತ್ತದೆ. ಮನೆಯಲ್ಲಿ ಮೂರು ಯಂತ್ರ ಸೇರಿಕೊಂಡಿದ್ದರೂ ಹೊರಜಗತ್ತಿಗೆ ಕಾಣುವುದು ಒಂದೇ ಸಿಮ್.

ಇಪ್ಪತ್ತು ವರ್ಷದ ಹಿಂದೆ ಇದೇ ಕೆಲಸಕ್ಕೆ ಎಷ್ಟು ಹೆಣಗಬೇಕಿತ್ತೆಂದು ಆಗಿನವರಿಗೆ ಗೊತ್ತು. ನೋಕಿಯಾ ಫೋನಿಗೆ ಡೇಟಾ ಕೇಬಲ್ ಚುಚ್ಚಿ, ಇಲ್ಲವೇ ಬ್ಲೂಟೂತ್‌ನಲ್ಲಿ ಜೋಡಿಸಿ, ಕಂಪ್ಯೂಟರ್‌ನಲ್ಲಿ ಪಿಸಿ ಸೂಟ್ ಹಾಕಿ, *99# ಡಯಲ್ ಮಾಡಿಸಬೇಕಿತ್ತು. ಜಿಪಿಆರ್‌ಎಸ್ ವೇಗ ಕೈಗೆ ಸಿಗುತ್ತಿದ್ದದ್ದು ಸೆಕೆಂಡಿಗೆ 30–40 ಕಿಲೋಬಿಟ್. ಡೇಟಾದ ಬಿಲ್ಲು ಕಿಲೋಬೈಟ್ ಲೆಕ್ಕದಲ್ಲಿ ಬರುತ್ತಿತ್ತು. ಮಿಂಚಂಚೆಗೆ ಯಾರಾದರೂ ಫೋಟೊ ಲಗತ್ತಿಸಿದ್ದರೆ ತೆರೆಯಲು ಎದೆ ಗಟ್ಟಿ ಬೇಕಿತ್ತು. ಆಮೇಲೆ ಯುಎಸ್‌ಬಿ ಡಾಂಗಲ್‌ಗಳ ಕಾಲ ಬಂತು; ಕಾಲೇಜು ಹುಡುಗರ ಬ್ಯಾಗಿನಲ್ಲಿ ಪೆನ್‌ಡ್ರೈವ್ ಜೊತೆ ಅದೊಂದು ಇರುತ್ತಿತ್ತು. 2010ರಲ್ಲಿ ಆಂಡ್ರಾಯ್ಡ್ 2.2 ಆವೃತ್ತಿ ವೈಫೈ ಹಾಟ್‌ಸ್ಪಾಟನ್ನು ಫೋನಿನೊಳಗೇ ತಂದಿತು. ಮರುವರ್ಷ ಐಫೋನ್‌ಗೂ ಬಂತು. ಡಾಂಗಲ್‌ನ ಕೆಲಸ ಫೋನೇ ಮಾಡತೊಡಗಿತು.

ಇಲ್ಲಿ ಅಮೆರಿಕದ ಒಂದು ಪ್ರಕರಣ ನೆನೆಯಬೇಕು. ಗ್ರಾಹಕ ತಾನು ಹಣ ಕೊಟ್ಟು ಕೊಂಡ ಡೇಟಾವನ್ನು ತನ್ನದೇ ಲ್ಯಾಪ್‌ಟಾಪ್‌ಗೆ ಹರಿಸಿಕೊಳ್ಳಲು ಅಲ್ಲಿನ ಕಂಪನಿಗಳು ಪ್ರತ್ಯೇಕ ಶುಲ್ಕ ಕೇಳುತ್ತಿದ್ದವು. ಶುಲ್ಕ ತಪ್ಪಿಸುವ ಆ್ಯಪ್‌ಗಳನ್ನು ತಡೆದ ವಿಚಾರದಲ್ಲಿ ವೆರೈಜನ್ ಕಂಪನಿ 2012ರಲ್ಲಿ ಅಲ್ಲಿನ ಸಂವಹನ ಆಯೋಗದ ಮುಂದೆ 12.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಮ್ಮಲ್ಲಿ ಆ ಹಾವಳಿ ಬೇರೂರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ದರ ನೆಲಕ್ಕಿಳಿದ ಮೇಲಂತೂ ಹಾಟ್‌ಸ್ಪಾಟ್ ಮನೆಮನೆಯ ರೂಢಿಯಾಯಿತು. ಇದು ನಮಗೆ ದಕ್ಕಿದ ದೊಡ್ಡ ಅನುಕೂಲ. ಕೊಂಡ ಡೇಟಾ ಯಾವ ಪರದೆಯಲ್ಲಿ ಖರ್ಚಾಗಬೇಕೆಂದು ಹೇಳುವ ಹಕ್ಕು ಕೊಂಡವರದ್ದೇ.

ಈಗ ಅಟ್ಟಕ್ಕೆ ಮರಳೋಣ. ಫೋನ್ ಇಡುವ ಜಾಗ ಹುಡುಕುವಾಗ ಹೆಚ್ಚಿನವರು ಕಡ್ಡಿ ಎಣಿಸುತ್ತಾರೆ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ, ಫೋನ್ ತಯಾರಿಸಿದವರು ತೋರಿಸಿದಷ್ಟು. ಆಂಡ್ರಾಯ್ಡ್‌ನಲ್ಲಿ ‘ಅಬೌಟ್ ಫೋನ್’ ತೆರೆದು ಸಿಮ್ ಸ್ಟೇಟಸ್ ಒಳಗೆ ನೋಡಿದರೆ ಸಾಮಾನ್ಯವಾಗಿ ಡಿಬಿಎಂ ಎಂಬ ಅಂಕಿ ಸಿಗುತ್ತದೆ. ಸದಾ ಮೈನಸ್‌ನಲ್ಲಿರುವ ಅಂಕಿ. 4ಜಿಯಲ್ಲಿ ಮೈನಸ್ 85–90 ಇದ್ದರೆ ವಿಡಿಯೊ ಮೀಟಿಂಗ್ ನಿರಾತಂಕ. ಮೈನಸ್ 100 ದಾಟಿದರೆ ತೆವಳಾಟ. ಮೈನಸ್ 115–120ರ ಹತ್ತಿರ ಒಂದು ಕಡ್ಡಿ ಕಂಡರೂ ಪುಟ ತೆರೆಯುವುದು ಕಷ್ಟ. 10 ಅಂಕಿ ಇಳಿಯಿತೆಂದರೆ ಸಿಗುವ ಶಕ್ತಿ ಹತ್ತರಲ್ಲೊಂದು ಪಾಲಾಯಿತೆಂದು ಅರ್ಥ. ಈ ಅಂಕಿ ನೋಡುತ್ತ ಅಟ್ಟ, ಉಪ್ಪರಿಗೆಯ ಕಿಟಕಿ, ಅಂಗಳದ ಮೂಲೆ ಎಲ್ಲ ಕಡೆ ನಿಧಾನವಾಗಿ ತಿರುಗಬೇಕು. ಅಂಕಿ ಬದಲಾಗಲು ಕೆಲವು ಸೆಕೆಂಡು ಹಿಡಿಯುವುದರಿಂದ ಒಂದೊಂದು ಜಾಗದಲ್ಲೂ ತುಸು ಹೊತ್ತು ನಿಲ್ಲಬೇಕು. ಒಂದೇ ಕಿಟಕಿಯ ಎಡಬದಿಗೂ ಬಲಬದಿಗೂ ಹತ್ತು ಅಂಕಿಯ ಅಂತರ ಇರುವುದುಂಟು.

ಫೋನ್‌ನ ಮೇಲ್ಗಡೆ 5ಜಿ ಎಂದು ಬಂದ ಕೂಡಲೇ ಹಿಗ್ಗುವುದೂ ಬೇಡ. 700, 850, 900 ಮೆಗಾಹರ್ಟ್ಸ್‌ನಂಥ ಕೆಳ ಆವರ್ತನದ ತರಂಗಗಳು ದೂರ ಸಾಗುತ್ತವೆ, ಗುಡ್ಡದ ಅಂಚಿನಲ್ಲಿ ತುಸು ಬಾಗಿ ಇಳಿಯುತ್ತವೆ, ಗೋಡೆಯನ್ನೂ ಒಂದಷ್ಟು ದಾಟುತ್ತವೆ. 2300 ಮೆಗಾಹರ್ಟ್ಸ್‌ನ 4ಜಿ, 3300ರ ಮೇಲಿನ 5ಜಿ ವೇಗದಲ್ಲಿ ಮುಂದಿದ್ದರೂ ಮರಗಿಡ, ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತವೆ. ಫೋನ್ 4ಜಿ, 5ಜಿಗಳ ನಡುವೆ ಜೀಕುತ್ತಿದ್ದರೆ ಮೀಟಿಂಗ್‌ನಲ್ಲಿ ಮಾತು ತುಂಡುತುಂಡಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ 4ಜಿ ಮಾತ್ರ ಸಾಕೆಂದು ಆರಿಸಿಟ್ಟರೆ ಎಷ್ಟೋ ಕಡೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಇದೇ ತರ್ಕ ಮನೆಯೊಳಗಿನ ವೈಫೈಗೂ ನಡೆಯುತ್ತದೆ. ಹಾಟ್‌ಸ್ಪಾಟ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಆಯ್ಕೆಗಳಿರುತ್ತವೆ. ಅಟ್ಟದಿಂದ ಜಗಲಿಗೆ ಮರದ ಹಲಗೆ, ಕಲ್ಲಿನ ಗೋಡೆ ದಾಟಿ ಬರಬೇಕೆಂದರೆ 2.4 ಒಳ್ಳೆಯದು. ಹೊಸ ಐಫೋನ್‌ಗಳಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಒತ್ತಿದರೆ ಅದು 2.4ಕ್ಕೆ ಇಳಿಯುತ್ತದೆ. ಸಿಗ್ನಲ್ ಇರುವ ಕಿಟಕಿಯ ಪಕ್ಕದಲ್ಲೇ ಕೂತು ಕೆಲಸ ಮಾಡಲು ಸಾಧ್ಯವಿದ್ದರೆ ವೈಫೈ ಬಿಟ್ಟು ಕೇಬಲ್ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಬಳಸುವುದು ಇನ್ನೂ ಉತ್ತಮ. ವೈಫೈ ಹರಡುವ ಭಾರ ಫೋನಿಗೆ ತಪ್ಪುತ್ತದೆ, ಲ್ಯಾಪ್‌ಟಾಪ್‌ನಿಂದ ಚಾರ್ಜೂ ಆಗುತ್ತಿರುತ್ತದೆ.

ಫೋನ್ ಬಿಸಿಯಾಗುವುದನ್ನು ಮಾತ್ರ ಹಗುರವಾಗಿ ನೋಡಬಾರದು. ಟವರ್ ದೂರವಿದ್ದಷ್ಟೂ ಫೋನ್ ಜೋರಾಗಿ ಕೂಗಬೇಕು, ಜೊತೆಗೆ ವೈಫೈ, ಮೇಲೆ ಚಾರ್ಜರ್. ಏಪ್ರಿಲ್‌ನ ಮಧ್ಯಾಹ್ನ ಹಂಚಿನ ಮಾಡಿನ ಕೆಳಗೆ ಅಟ್ಟವೇ ಕಾದಿರುತ್ತದೆ. ಲಿಥಿಯಂ ಬ್ಯಾಟರಿ ಬೇಗ ಹಾಳಾಗುವುದು ಇಂಥ ಬಿಸಿಯಲ್ಲೇ. ಕವರ್ ಕಳಚಿ, ಬಿಸಿಲು ಬೀಳದ ಕಡೆ, ಗಾಳಿ ಆಡುವಂತೆ ನಿಲ್ಲಿಸಿಡಬೇಕು. ಚಾರ್ಜ್ ಶೇ 80ಕ್ಕೆ ನಿಲ್ಲುವ ಆಯ್ಕೆ ಫೋನಿನಲ್ಲಿದ್ದರೆ ಅದನ್ನು ಹಾಕಿಡಬೇಕು. ಹಳೆಯ ಫೋನೊಂದು ಮೂಲೆಯಲ್ಲಿ ಬಿದ್ದಿದ್ದರೆ, ಬ್ಯಾಟರಿ ಉಬ್ಬಿಲ್ಲವೆಂದು ಖಾತ್ರಿ ಮಾಡಿಕೊಂಡು, ಡೇಟಾ ಸಿಮ್ ಅದಕ್ಕೇ ಹಾಕಿ ಅಟ್ಟಕ್ಕೆ ಮೀಸಲಿಡುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ದಾರಿ. ಕರೆ ಬಂದಾಗ ನೆಟ್ ಹೋಗುವ ಕಾಟವೂ ಆಗ ಇರುವುದಿಲ್ಲ. 4ಜಿಯಲ್ಲೇ ಕರೆ ಸಾಗಿಸುವ ವೋಲ್ಟಿ ಇಲ್ಲದ ಸಿಮ್‌ನಲ್ಲಿ ಕರೆ ಬಂದರೆ ಫೋನ್ 2ಜಿಗೆ ಇಳಿದು ಡೇಟಾ ನಿಂತುಬಿಡುತ್ತದೆ, ಎರಡು ಸಿಮ್‌ನ ಎಷ್ಟೋ ಫೋನ್‌ಗಳಲ್ಲಿ ಒಂದರ ಕರೆ ಇನ್ನೊಂದರ ಡೇಟಾವನ್ನು ತಡೆಯುತ್ತದೆ.

ಡೇಟಾ ಖರ್ಚಿನ ವಿಚಾರಕ್ಕೆ ಬಂದರೆ, ದಿನಕ್ಕೆ 1.5 ಅಥವಾ 2 ಜಿಬಿ ಫೋನಿಗೆ ಧಾರಾಳ, ಲ್ಯಾಪ್‌ಟಾಪ್‌ಗೆ ಅರೆಹೊಟ್ಟೆ. ಹಾಟ್‌ಸ್ಪಾಟ್ ಕೂಡ ಲ್ಯಾಪ್‌ಟಾಪ್‌ನ ಕಣ್ಣಿಗೆ ಬರೀ ಒಂದು ವೈಫೈ. ಮಿತಿಯಿಲ್ಲದ ಸಂಪರ್ಕ ಎಂದುಕೊಂಡು ವಿಂಡೋಸ್ ಅಪ್‌ಡೇಟ್, ಕ್ಲೌಡ್‌ಗೆ ಫೋಟೊ ಏರಿಸುವುದು ಎಲ್ಲವನ್ನೂ ಹಿಂದಿನಿಂದ ಶುರುಮಾಡುತ್ತದೆ. ಮೀಟಿಂಗ್ ಆರಂಭವಾಗುವ ಮೊದಲೇ ದಿನದ ಪಾಲು ಖಾಲಿ. ವಿಂಡೋಸ್‌ನಲ್ಲಿ ಆ ವೈಫೈ ಹೆಸರನ್ನು ತೆರೆದು ‘ಮೀಟರ್ಡ್ ಕನೆಕ್ಷನ್’ ಎಂದು, ಮ್ಯಾಕ್‌ನಲ್ಲಿ ‘ಲೋ ಡೇಟಾ ಮೋಡ್’ ಎಂದು ಒಮ್ಮೆ ಗುರುತಿಸಿದರೆ ಸಾಕು. ವಿಡಿಯೊ ಮೀಟಿಂಗ್ ಗಂಟೆಗೆ ಸುಮಾರು ಒಂದು ಜಿಬಿ ನುಂಗಬಲ್ಲದು. ಕ್ಯಾಮೆರಾ ಮುಚ್ಚಿ ಧ್ವನಿ ಮಾತ್ರ ಉಳಿಸಿಕೊಂಡರೆ ಅದರಲ್ಲಿ ಸಣ್ಣದೊಂದು ಪಾಲು.

ಹಂಚಿಕೊಳ್ಳುವ ಮಾತು ನನಗೆ ಇವೆಲ್ಲಕ್ಕಿಂತ ದೊಡ್ಡದು. ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ರಸ್ತೆಬದಿ, ಸುರಿವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತು, ಮಗಳು ಫೋನಿನಲ್ಲಿ ಪಾಠ ಕೇಳುತ್ತಿದ್ದ ಚಿತ್ರ 2021ರಲ್ಲಿ ನಾಡೆಲ್ಲ ನೋಡಿತು. ಚಿತ್ರಕ್ಕೆ ಸಿಕ್ಕದ ಇಂಥ ಮಕ್ಕಳು ಗುಡ್ಡಗುಡ್ಡದಲ್ಲೂ ಇದ್ದರು. ಅದೇ ಹೊತ್ತಿನಲ್ಲಿ ಸಿಗ್ನಲ್ ಸಿಗುವ ಎಷ್ಟೋ ಮನೆಯವರು ಜಗಲಿ ಬಿಟ್ಟುಕೊಟ್ಟರು, ಹಾಟ್‌ಸ್ಪಾಟ್ ಹಾಕಿಕೊಟ್ಟರು, ಮಧ್ಯಾಹ್ನ ಮಕ್ಕಳಿಗೆ ಮಜ್ಜಿಗೆಯನ್ನೂ ಕೊಟ್ಟರು. ಆ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ. ಒಂದೇ ಎಚ್ಚರ ಬೇಕು. ಹಾಟ್‌ಸ್ಪಾಟ್ ಮೂಲಕ ಯಾರು ಏನು ಮಾಡಿದರೂ ಅದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ ಬರುತ್ತದೆ. ಪಾಸ್‌ವರ್ಡ್ ಇಲ್ಲದೆ ತೆರೆದಿಡಬೇಡಿ, 12345678 ಎಂದೂ ಇಡಬೇಡಿ. ಪಕ್ಕದ ಮನೆಯ ಮಗುವಿಗೆ ಕೊಡಲು ಅದೇನೂ ಅಡ್ಡಿಯಲ್ಲ.

ಆದರೆ ಆ ಔದಾರ್ಯದ ಮೇಲೆ ಒಂದು ತಾಲ್ಲೂಕಿನ ಓದು, ಉದ್ಯೋಗ ನಿಲ್ಲಬೇಕೇ? ಮಳೆಗಾಲದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿ ಬರಿದಾಗಿ, ಜನರೇಟರ್‌ಗೆ ಡೀಸೆಲ್ ಬರದಿದ್ದರೆ ಅಟ್ಟದ ಫೋನ್ ಎಷ್ಟೇ ಸರಿಯಾದ ಜಾಗದಲ್ಲಿದ್ದರೂ ಫಲವಿಲ್ಲ. 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಮಲೆನಾಡು ಹಳ್ಳಿಗಳ ಯುವಕರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನಕ್ಕಿಳಿದದ್ದು ಸುಮ್ಮನೆ ಅಲ್ಲ. ಸಂಪರ್ಕ ಸಿಗದ 24,680 ಹಳ್ಳಿಗಳಿಗೆ 4ಜಿ ಒದಗಿಸುವ 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2022ರ ಜುಲೈನಲ್ಲಿ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2004ರ ನೀತಿಯಲ್ಲಿ 256 ಕಿಲೋಬಿಟ್ ಇದ್ದದ್ದು 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. ಮನೆಯಲ್ಲಿ ಇಬ್ಬರು ಒಟ್ಟಿಗೆ ವಿಡಿಯೊದಲ್ಲಿ ಕೂತರೆ ಅದೂ ಸಾಲದು. ಫೈಬರ್ ಮನೆಯ ಬಾಗಿಲಿಗೇ ಬರಬೇಕು. ಹಾಟ್‌ಸ್ಪಾಟ್ ಅದಕ್ಕೆ ಬದಲಿಯಲ್ಲ, ಅದು ಬರುವ ತನಕದ ಆಸರೆ.

ಅಲ್ಲಿಯವರೆಗೆ ಊರಿನ ಯುವಕರು ಮಾಡಬಹುದಾದ ಒಂದು ಕೆಲಸವಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿ ಸಿಗುತ್ತದೆಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಆ ನಕ್ಷೆ ತೆರೆದು ನಿಮ್ಮ ಕೇರಿ ಹುಡುಕಿ. ಬಣ್ಣ ತುಂಬಿದ ಜಾಗದಲ್ಲಿ ನಿಮ್ಮ ಮನೆಯಿದ್ದು, ಅಂಗಳದಲ್ಲಿ ಮೈನಸ್ 118 ತೋರಿಸುತ್ತಿದ್ದರೆ ಆ ಪರದೆಯ ಚಿತ್ರ ತೆಗೆದಿಡಿ. ಟ್ರಾಯ್‌ನದೇ ಮೈಸ್ಪೀಡ್ ಆ್ಯಪ್‌ನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ವೇಗ ಅಳೆದು ದಿನಾಂಕ ಸಮೇತ ಬರೆದಿಡಿ. ಹತ್ತಿಪ್ಪತ್ತು ಮನೆಗಳ ಅಂಕಿ ಒಟ್ಟು ಸೇರಿಸಿ ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಅದರ ಪ್ರತಿಯನ್ನು ಕಂಪನಿಗೂ ಸಂಸದರ ಕಚೇರಿಗೂ ಕಳಿಸಿ. ‘ನೆಟ್‌ವರ್ಕ್ ಸರಿಯಿಲ್ಲ’ ಎಂಬ ಒಂದು ಸಾಲಿನ ಅರ್ಜಿಯನ್ನು ಬದಿಗಿಡುವಷ್ಟು ಸುಲಭವಾಗಿ ಆ ಪಟ್ಟಿಯನ್ನು ಬದಿಗಿಡಲಾಗದು.