ಸುರುಳಿ ಕೇಳುವ ಕರೆಂಟ್, ಸೆಲ್ ತಾಳುವ ಕರೆಂಟ್

ಬಳಸುವವರೇ ತಂತಿ ಸುತ್ತಿ, ಹತ್ತಿ ತುಂಬಿ, ಸೆಲ್ ಹಾಕಿ ಸಜ್ಜುಗೊಳಿಸುವ ಇ-ಸಿಗರೇಟ್‌ಗಳನ್ನು ‘ರೀಬಿಲ್ಡಬಲ್’ ಸಾಧನಗಳು ಎನ್ನುತ್ತಾರೆ. ಮುಗಿದ ಮೇಲೆ ಎಸೆಯುವ ಸಿದ್ಧ ಇ-ಸಿಗರೇಟ್‌ಗಳಲ್ಲಿ ತಂತಿಯ ಸುರುಳಿ ಮತ್ತು ಬ್ಯಾಟರಿಯನ್ನು ಕಾರ್ಖಾನೆಯೇ ಹೊಂದಿಸಿರುತ್ತದೆ. ರೀಬಿಲ್ಡಬಲ್‌ನಲ್ಲಿ ಆ ಹೊಣೆ ಬಳಕೆದಾರರದು. ಅವರು ಸುತ್ತಿದ ಸುರುಳಿ ಎಷ್ಟು ಕರೆಂಟ್ ಎಳೆಯುತ್ತದೆ, ಒಳಗಿನ ಸೆಲ್ ಎಷ್ಟನ್ನು ತಾಳುತ್ತದೆ ಎಂಬ ಎರಡು ಅಂಕಿಗಳ ನಡುವೆಯೇ ಇಡೀ ಸುರಕ್ಷತೆ ನಿಂತಿದೆ.

ಭಾರತದಲ್ಲಿ 2019ರ ಕಾಯ್ದೆ ಇ-ಸಿಗರೇಟ್‌ಗಳ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳನ್ನು ನಿಷೇಧಿಸಿದೆ. ಮೊದಲ ಬಾರಿ ಮಾರಿ ಸಿಕ್ಕಿಬಿದ್ದವರಿಗೆ ಒಂದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧ ಹೇರಿತ್ತು. ಬ್ರಿಟನ್, ಅಮೆರಿಕದಂಥ ದೇಶಗಳಲ್ಲಿ ಇವುಗಳ ಬಿಡಿಭಾಗಗಳು ಬಹಿರಂಗವಾಗಿ ಮಾರಾಟವಾಗುತ್ತವೆ. ಆದರೆ ಈ ಸಾಧನಗಳೊಳಗಿನ ಸೆಲ್ ಕನ್ನಡಿಗರಿಗೆ ಹೊಸದಲ್ಲ. ಟಾರ್ಚ್, ಪವರ್ ಬ್ಯಾಂಕ್, ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವುದೂ ಇದೇ ಬಗೆಯ ಸೆಲ್.

ಸೆಲ್‌ನೊಳಗೆ ಏನಿದೆ

ಈ ಸಾಧನಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಸೆಲ್‌ನ ಹೆಸರು 18650. ವ್ಯಾಸ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್. ಕೊನೆಯ ಸೊನ್ನೆ ಕೊಳವೆಯಾಕಾರವನ್ನು ಸೂಚಿಸುತ್ತದೆ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುವ ಇದು ಬಳಸುತ್ತ ಹೋದಂತೆ 3 ವೋಲ್ಟ್ ಆಸುಪಾಸಿಗೆ ಇಳಿಯುತ್ತದೆ. ಒಳಗೆ ಎರಡು ವಿದ್ಯುದ್ವಾರಗಳ ಹಾಳೆಗಳನ್ನು ಒತ್ತಾಗಿ ಸುತ್ತಿಟ್ಟು, ನಡುವೆ ತೆಳು ಪ್ಲಾಸ್ಟಿಕ್ ಪೊರೆಯನ್ನು ಇಟ್ಟಿರುತ್ತಾರೆ. ಅವನ್ನು ನೆನೆಸಿರುವ ದ್ರಾವಣ ಸುಲಭವಾಗಿ ಬೆಂಕಿ ಹತ್ತಿಕೊಳ್ಳುವಂಥದ್ದು.

ಅತಿಯಾದ ಕರೆಂಟ್ ಹರಿದರೆ ಸೆಲ್ ಕಾಯುತ್ತದೆ. ಶಾಖ ಒಂದು ಮಿತಿ ದಾಟಿದ ಮೇಲೆ ಒಳಗಿನ ರಾಸಾಯನಿಕ ಕ್ರಿಯೆಗಳೇ ಇನ್ನಷ್ಟು ಶಾಖ ಹುಟ್ಟಿಸುತ್ತವೆ. ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೊರೆ ಕರಗತೊಡಗುತ್ತದೆ. ಅದು ಹರಿದರೆ ವಿದ್ಯುದ್ವಾರಗಳು ಒಂದಕ್ಕೊಂದು ತಾಗಿ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಆ ಹೊತ್ತಿಗೆ ಕರೆಂಟ್ ನಿಲ್ಲಿಸಿದರೂ ಬಿಸಿ ಏರುವುದು ನಿಲ್ಲುವುದಿಲ್ಲ. ಒತ್ತಡ ಹೊರಹಾಕಲು ಸೆಲ್‌ನ ತುದಿಯಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಸಾಧನದ ಲೋಹದ ಕೊಳವೆಯಲ್ಲೂ ಅನಿಲ ಹೊರಹೋಗಲು ಸಾಕಷ್ಟು ತೂತುಗಳಿಲ್ಲದಿದ್ದರೆ ಅದೇ ಕೊಳವೆ ಸಿಡಿಮದ್ದಿನ ಕವಚವಾಗುತ್ತದೆ.

2018ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, 2019ರ ಜನವರಿಯಲ್ಲಿ ಟೆಕ್ಸಸ್‌ನಲ್ಲಿ ಇಂಥ ಸ್ಫೋಟಗಳಿಂದ ತಲಾ ಒಬ್ಬರು ಸತ್ತರು. ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗಿನ ಮಾಧ್ಯಮ ವರದಿಗಳನ್ನು ಕಲೆಹಾಕಿದಾಗ 195 ಬೆಂಕಿ ಮತ್ತು ಸ್ಫೋಟದ ಪ್ರಕರಣಗಳು ಸಿಕ್ಕಿದವು. ಅವುಗಳಲ್ಲಿ 61 ನಡೆದದ್ದು ಸಾಧನ ಅಥವಾ ಬಿಡಿ ಸೆಲ್ ಕಿಸೆಯಲ್ಲಿದ್ದಾಗ, 60 ಬಳಸುತ್ತಿದ್ದಾಗ, 48 ಚಾರ್ಜ್ ಆಗುತ್ತಿದ್ದಾಗ.

ಸುರುಳಿಯ ಲೆಕ್ಕ

ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ವೋಲ್ಟ್ ಅನ್ನು ರೋಧದಿಂದ, ಅಂದರೆ ಓಮ್ ಅಂಕಿಯಿಂದ, ಭಾಗಿಸಿದರೆ ಕರೆಂಟ್ ಎಷ್ಟು ಆಂಪಿಯರ್ ಎಂಬುದು ಸಿಗುತ್ತದೆ. ಲೆಕ್ಕಕ್ಕೆ ಯಾವಾಗಲೂ ಪೂರ್ತಿ ಚಾರ್ಜ್ ಆದ 4.2 ವೋಲ್ಟ್ ಅನ್ನೇ ಹಿಡಿಯಬೇಕು. ಸುರುಳಿ 1 ಓಮ್ ಇದ್ದರೆ 4.2 ಆಂಪಿಯರ್, 0.5 ಓಮ್ ಇದ್ದರೆ 8.4, 0.2 ಓಮ್ ಇದ್ದರೆ 21, 0.1 ಓಮ್ ಇದ್ದರೆ 42 ಆಂಪಿಯರ್ ಹರಿಯುತ್ತದೆ. ರೋಧ ಇಳಿದಷ್ಟೂ ಹೊಗೆ ದಟ್ಟ, ಸೆಲ್ ಮೇಲಿನ ಹೊರೆ ವಿಪರೀತ.

ತಂತಿಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಬೆರೆತ ಕಾಂಥಲ್ ತಂತಿ ಹೊಸಬರಿಗೆ ಹೆಚ್ಚು ಅನುಕೂಲ. 26 ಗೇಜಿನ, ಅಂದರೆ ಸುಮಾರು 0.4 ಮಿಲಿಮೀಟರ್ ದಪ್ಪದ ಕಾಂಥಲ್‌ಗೆ ಮೀಟರಿಗೆ ಹೆಚ್ಚುಕಡಿಮೆ 11 ಓಮ್ ರೋಧ. 3 ಮಿಲಿಮೀಟರ್ ಕಡ್ಡಿಯ ಮೇಲೆ ಆರು ಸುತ್ತು ಹಾಕಿದರೆ ಕಾಲುಗಳೂ ಸೇರಿ 74 ಮಿಲಿಮೀಟರ್ ಆಸುಪಾಸು ತಂತಿ ಬೇಕಾಗುತ್ತದೆ. ರೋಧ ಸುಮಾರು 0.8 ಓಮ್ ಬರುತ್ತದೆ. ಅಂಥದ್ದೇ ಇನ್ನೊಂದು ಸುರುಳಿಯನ್ನು ಪಕ್ಕದಲ್ಲಿ ಕೂರಿಸಿದರೆ ರೋಧ ಎರಡರಷ್ಟಾಗುವುದಿಲ್ಲ, ಅರ್ಧಕ್ಕಿಳಿದು 0.4 ಓಮ್ ಆಗುತ್ತದೆ. ಕರೆಂಟ್ ಸುಮಾರು 5 ಆಂಪಿಯರ್‌ನಿಂದ 10ರ ಆಸುಪಾಸಿಗೆ ಏರುತ್ತದೆ. ಹೊಸಬರು ಎಡವುವುದು ಸಾಮಾನ್ಯವಾಗಿ ಇಲ್ಲೇ.

ನಿಕ್ರೋಮ್‌ನ ರೋಧ ಕಾಂಥಲ್‌ಗಿಂತ ಕಡಿಮೆ. ನಿಕಲ್ ತಂತಿಯ ರೋಧವಂತೂ ತೀರಾ ಕಡಿಮೆ. ಬಿಸಿಯಾದಂತೆ ಅದು ಏರುತ್ತದೆ, ಟೈಟಾನಿಯಂನದೂ ಹಾಗೆಯೇ. ಆದ್ದರಿಂದ ನಿಕಲ್ ಮತ್ತು ಟೈಟಾನಿಯಂ ತಂತಿಗಳನ್ನು ತಾಪಮಾನ ನಿಯಂತ್ರಣವಿರುವ ಸಾಧನದಲ್ಲಿ ಮಾತ್ರ ಬಳಸಬೇಕು, ಕೆಂಪಗಾಗುವಂತೆ ಕಾಯಿಸಕೂಡದು.

ಸೆಲ್ ತಾಳುವ ಮಿತಿ

ಸೆಲ್ ಕೊಳ್ಳುವಾಗ ಎರಡು ಅಂಕಿ ನೋಡಬೇಕು: ಎಷ್ಟು ಮಿಲಿಆಂಪಿಯರ್ ಅವರ್, ಎಷ್ಟು ಆಂಪಿಯರ್. ಮೊದಲನೆಯದು ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಹೇಳಿದರೆ, ಎರಡನೆಯದು ಒಂದೇ ಸಮನೆ ಎಷ್ಟು ಕರೆಂಟ್ ಕೊಡಬಲ್ಲದು ಎಂಬುದನ್ನು ಹೇಳುತ್ತದೆ. ಎರಡೂ ಒಟ್ಟಿಗೆ ಏರುವುದಿಲ್ಲ. ಸ್ಯಾಮ್‌ಸಂಗ್‌ನ 25ಆರ್ ಸೆಲ್ 2500 ಮಿಲಿಆಂಪಿಯರ್ ಅವರ್‌ನದು, 20 ಆಂಪಿಯರ್ ಕೊಡುತ್ತದೆ. ಅದೇ ಕಂಪನಿಯ 35ಇ 3500 ಮಿಲಿಆಂಪಿಯರ್ ಅವರ್‌ನದು, ಆದರೆ ತಾಳುವುದು 8 ಆಂಪಿಯರ್ ಮಾತ್ರ. ಹೆಚ್ಚು ಹೊತ್ತು ಬರುತ್ತದೆಂದು ಎರಡನೆಯದನ್ನು 0.4 ಓಮ್ ಸುರುಳಿಗೆ ಜೋಡಿಸಿದರೆ ಮಿತಿ ಮೀರಿದಂತೆಯೇ.

ಹೊದಿಕೆಯ ಮೇಲೆ ಮುದ್ರಿಸಿದ ದೊಡ್ಡ ಅಂಕಿಗಳನ್ನು ನಂಬುವಂತಿಲ್ಲ. 9900 ಮಿಲಿಆಂಪಿಯರ್ ಅವರ್ ಎಂದು ಬರೆದ 18650 ಸೆಲ್ ನಕಲಿಯೇ. ‘ಪಲ್ಸ್’ ಅಥವಾ ‘ಗರಿಷ್ಠ’ ಎಂದು ಬರೆದ ಆಂಪಿಯರ್ ಕೆಲವು ಕ್ಷಣಗಳಿಗೆ ಮಾತ್ರ ಅನ್ವಯವಾಗುವುದರಿಂದ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ದೊಡ್ಡ ತಯಾರಕರು ತಮ್ಮ ಬಿಡಿ ಸೆಲ್‌ಗಳು ಇಂಥ ಬಳಕೆಗಲ್ಲ ಎಂದೇ ಹೇಳಿದ್ದಾರೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೂ 18650 ಬಿಡಿ ಸೆಲ್‌ಗಳನ್ನು ಕೊಳ್ಳಬೇಡಿ, ಬಳಸಬೇಡಿ ಎಂದು 2021ರಲ್ಲಿ ಎಚ್ಚರಿಸಿದೆ.

ಚಿಪ್ ಇರುವುದು, ಇಲ್ಲದ್ದು

‘ಮೆಕ್ಯಾನಿಕಲ್ ಮಾಡ್’ ಎಂದರೆ ಲೋಹದ ಕೊಳವೆ, ಒಂದು ಸ್ವಿಚ್ಚು, ಒಂದು ಸೆಲ್, ಅಷ್ಟೇ. ಶಾರ್ಟ್ ಆದರೆ ತಡೆಯಲು ಫ್ಯೂಸೂ ಇಲ್ಲ, ಚಿಪ್ಪೂ ಇಲ್ಲ. ಕೆಲವದರಲ್ಲಿ ಸುರುಳಿ ಕೂರಿಸುವ ಭಾಗವಾದ ಆಟಮೈಸರ್‌ನ ನಡುವಿನ ಪಿನ್ ನೇರವಾಗಿ ಸೆಲ್ ತಲೆಗೇ ತಾಗುತ್ತದೆ. ಆ ಪಿನ್ ಸುತ್ತಲಿನ ತಿರುಪಿಗಿಂತ ಹೊರಚಾಚಿಲ್ಲದಿದ್ದರೆ ತಿರುಪೇ ಸೆಲ್‌ಗೆ ತಾಗಿ ನೇರ ಶಾರ್ಟ್ ಆಗುತ್ತದೆ. ಎರಡು ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸುವ ಸಾಧನದಲ್ಲಿ 8.4 ವೋಲ್ಟ್ ಇರುತ್ತದೆ. ಅಲ್ಲಿ 0.4 ಓಮ್ ಸುರುಳಿಯೂ 21 ಆಂಪಿಯರ್ ಎಳೆಯುತ್ತದೆ, ಪ್ರತಿ ಸೆಲ್ ಮೂಲಕವೂ ಅಷ್ಟೇ ಹರಿಯುತ್ತದೆ. ಹೊಸಬರು ಮೆಕ್ಯಾನಿಕಲ್ ಮಾಡ್‌ನಿಂದ ದೂರವಿರುವುದೇ ಸರಿ.

ಚಿಪ್ ಇರುವ ಸಾಧನ ರೋಧವನ್ನು ಅಳೆಯುತ್ತದೆ, ಶಾರ್ಟ್ ಕಂಡರೆ ಕೆಲಸ ನಿಲ್ಲಿಸುತ್ತದೆ. ಆದರೂ ಲೆಕ್ಕ ತಪ್ಪುವುದಿಲ್ಲ, ಬೇರೆಯಾಗುತ್ತದೆ ಅಷ್ಟೇ. ಇಲ್ಲಿ ಸೆಲ್ ಮೇಲಿನ ಹೊರೆಯನ್ನು ನಿರ್ಧರಿಸುವುದು ವ್ಯಾಟ್. 60 ವ್ಯಾಟ್‌ಗೆ ಹೊಂದಿಸಿದ ಒಂಟಿ ಸೆಲ್ ಸಾಧನದಲ್ಲಿ ಸೆಲ್ 3.2 ವೋಲ್ಟ್‌ಗೆ ಇಳಿದಾಗ ಸುಮಾರು 19 ಆಂಪಿಯರ್ ಬೇಕು. ಚಿಪ್‌ನಲ್ಲಿ ಆಗುವ ನಷ್ಟ ಸೇರಿದರೆ 21ರ ಹತ್ತಿರ. ಇಲ್ಲಿ ಸೆಲ್ ಖಾಲಿಯಾದಂತೆ ಹೊರೆ ಹೆಚ್ಚುತ್ತದೆ.

ಕಟ್ಟುವಾಗಿನ ಕ್ರಮ

ಸುರುಳಿ ಕೂರಿಸುವ ಮೊದಲು ಸೆಲ್ ತೆಗೆದಿಡಬೇಕು. ಸುರುಳಿಯ ಕಾಲುಗಳನ್ನು ಆಟಮೈಸರ್‌ನ ಕಂಬದ ತೂತಿಗೆ ತೂರಿಸಿ ತಿರುಪು ಬಿಗಿಮಾಡಿ, ಮಿಕ್ಕ ತಂತಿಯನ್ನು ಕಂಬಕ್ಕೆ ಸಮನಾಗಿ ಕತ್ತರಿಸಬೇಕು. ಚಾಚಿಕೊಂಡ ತುಂಡು ತಟ್ಟೆಗೋ ಮುಚ್ಚಳಕ್ಕೋ ತಾಗಿದರೆ ಶಾರ್ಟ್ ಆಗುತ್ತದೆ. ಸುರುಳಿಯೂ ಎಲ್ಲೂ ತಾಗದೆ ಮೇಲೆ ನಿಂತಿರಬೇಕು. ನಂತರ ಓಮ್ ಮೀಟರ್‌ನಲ್ಲಿ ರೋಧ ಅಳೆಯಬೇಕು. ಅಂಕಿ ನಿರೀಕ್ಷೆಗಿಂತ ಬಹಳ ಕಡಿಮೆ ಬಂದರೆ, ಅಳೆದಾಗಲೆಲ್ಲ ಬದಲಾದರೆ ಅದನ್ನು ಸಾಧನಕ್ಕೆ ಹಾಕಬಾರದು. ತಿರುಪು ಸಡಿಲವಿದೆ ಅಥವಾ ಎಲ್ಲೋ ತಾಗುತ್ತಿದೆ ಎಂದರ್ಥ.

ರೋಧ ಸರಿಯಿದ್ದರೆ ಕಾಂಥಲ್ ಸುರುಳಿಯನ್ನು ಕಡಿಮೆ ವ್ಯಾಟ್‌ನಲ್ಲಿ ಕ್ಷಣಕಾಲ ಕಾಯಿಸಿ ನೋಡುತ್ತಾರೆ. ಕೆಂಪು ನಡುವಿನಿಂದ ಅಂಚಿನತ್ತ ಸಮನಾಗಿ ಹರಡಬೇಕು. ಒಂದೇ ಸುತ್ತು ಮೊದಲು ಕೆಂಪಾದರೆ ಗುಂಡಿ ಬಿಟ್ಟು, ಸೆರಾಮಿಕ್ ತುದಿಯ ಚಿಮಟದಿಂದ ಸುತ್ತುಗಳನ್ನು ಒತ್ತಬೇಕು. ಹತ್ತಿಯನ್ನು ಬಿಗಿಯಾಗದಂತೆ ತುಂಬಿ, ನಿಕೋಟಿನ್ ದ್ರವದಲ್ಲಿ ಪೂರ್ತಿ ನೆನೆಸಿದ ಮೇಲೆಯೇ ಬಳಸಬೇಕು. ಒಣ ಹತ್ತಿ ಕರಕಲಾಗುವುದಲ್ಲದೆ, ಅತಿ ಬಿಸಿಯಾದ ದ್ರವ ಒಡೆದು ಫಾರ್ಮಾಲ್ಡಿಹೈಡ್‌ನಂಥ ವಿಷವಸ್ತುಗಳು ಹುಟ್ಟುತ್ತವೆ.

ಹೊದಿಕೆ, ಕಿಸೆ, ಚಾರ್ಜರ್

18650ರ ಮೇಲ್ತುದಿಯ ಗುಂಡಿ ಬಿಟ್ಟರೆ ಇಡೀ ಲೋಹದ ಮೈ ಋಣ ಧ್ರುವ. ಅದನ್ನು ಧನ ಧ್ರುವದಿಂದ ಬೇರೆಮಾಡಿರುವುದು ತೆಳು ಪ್ಲಾಸ್ಟಿಕ್ ಹೊದಿಕೆ ಮತ್ತು ತಲೆಯ ಮೇಲಿನ ಒಂದು ಉಂಗುರ. ಹೊದಿಕೆ ಹರಿದ ಸೆಲ್‌ಗೆ ಹೊಸ ಹೊದಿಕೆ ಹಾಕುವ ತನಕ ಬಳಸಬಾರದು. ಜಜ್ಜಿದ, ಸೋರಿದ, ಬಿಸಿಯಾಗುವ ಸೆಲ್ ದುರಸ್ತಿಗಲ್ಲ, ವಿಲೇವಾರಿಗೆ. ಕಿಸೆಯಲ್ಲಿ ಬೀಗದ ಕೈ, ಚಿಲ್ಲರೆ ಕಾಸಿನ ಜೊತೆ ಬಿಡಿ ಸೆಲ್ ಇಟ್ಟರೆ ಲೋಹ ಎರಡೂ ಧ್ರುವಗಳನ್ನು ಕೂಡಿಸುತ್ತದೆ. ಕೆಲವೇ ರೂಪಾಯಿಯ ಪ್ಲಾಸ್ಟಿಕ್ ಡಬ್ಬಿ ಈ ಅಪಾಯವನ್ನು ತಪ್ಪಿಸುತ್ತದೆ.

4.2 ವೋಲ್ಟ್‌ಗೆ ತಾನಾಗಿ ನಿಲ್ಲುವ ಲಿಥಿಯಂ ಅಯಾನ್ ಚಾರ್ಜರ್ ಮಾತ್ರ ಬಳಸಬೇಕು. 1 ಆಂಪಿಯರ್ ಮೀರದ ವೇಗ ಸಾಕು. ಹಾಸಿಗೆ, ಸೋಫಾ ಮೇಲೆ ಇಟ್ಟು, ನಿದ್ದೆಹೋಗಿ ಚಾರ್ಜ್ ಮಾಡುವುದು ಬೇಡ. ಎರಡು ಸೆಲ್‌ನ ಸಾಧನಕ್ಕೆ ಒಂದೇ ಮಾದರಿಯ, ಒಟ್ಟಿಗೆ ಕೊಂಡ ಜೋಡಿಯನ್ನು ಮೀಸಲಿಟ್ಟು ಒಟ್ಟಿಗೇ ಚಾರ್ಜ್ ಮಾಡಬೇಕು. ಹಳತು ಹೊಸತು ಬೆರೆಸಿದರೆ ದುರ್ಬಲ ಸೆಲ್ ಮೊದಲೇ ಬರಿದಾಗಿ ಹಾಳಾಗುತ್ತದೆ.

ಸೆಲ್ ಬುಸುಗುಟ್ಟಿದರೆ, ಹೊಗೆಯಾಡಿದರೆ ಕೂಡಲೇ ಕೈಬಿಟ್ಟು ದೂರ ಸರಿಯಬೇಕು. ಆ ಹೊಗೆಯಲ್ಲಿ ವಿಷಾನಿಲಗಳಿರುತ್ತವೆ. ಬೆಂಕಿ ಆರಿದರೂ ಬಿಸಿ ಇಳಿಯದಿದ್ದರೆ ಮತ್ತೆ ಹತ್ತಿಕೊಳ್ಳಬಹುದು. ಸುಟ್ಟ ಗಾಯವಾದವರು ಆಸ್ಪತ್ರೆಯಲ್ಲಿ ಬ್ಯಾಟರಿಯಿಂದ ಆದದ್ದು ಎಂದು ತಿಳಿಸಬೇಕು. ಸತ್ತ ಸೆಲ್ ಮನೆಯ ಕಸಕ್ಕೆ ಸೇರಕೂಡದು. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಎರಡೂ ತುದಿಗೆ ಟೇಪ್ ಸುತ್ತಿ ಸಂಗ್ರಹ ಕೇಂದ್ರಕ್ಕೆ ಕೊಡಬೇಕು.

ಇಷ್ಟೆಲ್ಲ ಎಚ್ಚರ ತಡೆಯುವುದು ಬೆಂಕಿಯನ್ನು ಮಾತ್ರ. ಲೆಕ್ಕ ಸರಿಯಿರುವ ಸುರುಳಿಯೂ ಒಳಗೆ ಕಳಿಸುವುದು ಚಟ ಹಿಡಿಸುವ ನಿಕೋಟಿನ್ ಅನ್ನೇ. ಈವರೆಗೆ ಸೇದದವರು ಇದನ್ನು ಶುರುಮಾಡದಿರುವುದೇ ಎಲ್ಲಕ್ಕಿಂತ ಸುರಕ್ಷಿತ.