ಆಟಿಗೆಯ ಉಗಿಬಂಡಿಗಳು: ಸಂಗ್ರಹವೆಷ್ಟು ಬೆಳೆಯಬೇಕು?

ಸಂಗ್ರಹಿಸುವ ಬುದ್ಧಿಯು ಮನುಷ್ಯನಿಗೆ ಸ್ವಾಭಾವಿಕವಾದುದು. ಮಕ್ಕಳು ಬಳೆಚೂರು, ಅಂಚೆಚೀಟಿ, ಗೊಂಬೆಗಳನ್ನು ಕೂಡಿಡುವರು. ದೊಡ್ಡವರು ಗ್ರಂಥಗಳನ್ನೂ ನಾಣ್ಯಗಳನ್ನೂ ಕೂಡಿಡುವರು. ಈ ಬಗೆಯ ಸಂಗ್ರಹಗಳಲ್ಲಿ ಮಾದರಿಯ ರೇಲ್ವೆ ಬಂಡಿಗಳದೂ ಒಂದು. ಅದು ಎಷ್ಟರ ಮಟ್ಟಿಗೆ ಬೆಳೆಯತಕ್ಕದ್ದೆಂಬುದನ್ನು ಪಾಲಕರೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ವಿಚಾರಿಸುವದು ಉಚಿತವಾಗಿದೆ.

ಬಂಡಿಗಳ ಆಟವು ಗಂಡುಹುಡುಗರಿಗೆ ಮಾತ್ರ ಸಲ್ಲುವದೆಂದು ಕೆಲವರು ತಿಳಿಯುವರು. ಇದಕ್ಕೆ ಆಧಾರವಿಲ್ಲ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಪಟ್ಟಣಗಳಿಗೆ ಹಳಿಯೇ ಇಲ್ಲ. ಸವಣೂರಿನವರು ಯಲವಿಗಿಗೂ, ಉಳಿದವರು ಹಾವೇರಿ, ಬ್ಯಾಡಗಿಗಳಂಥ ನಿಲ್ದಾಣಗಳಿಗೂ ಹೋಗಿಯೇ ಬಂಡಿಯನ್ನು ಕಾಣಬೇಕು. ಇಂಥ ಊರಿನ ಬಾಲಕಿಗೆ ಒಂದು ಸಣ್ಣ ಮಾದರಿಯು ಗಣಿತ, ಭೂಗೋಲ, ಯಂತ್ರಶಾಸ್ತ್ರಗಳನ್ನು ಒಟ್ಟಿಗೆ ಕಲಿಸಬಲ್ಲದು.

ಈ ಸಂಗ್ರಹವು ಮಿತಿಯಿಲ್ಲದೆ ಬೆಳೆಯುವದೇಕೆ? ಇದಕ್ಕೊಂದು ಚರಿತ್ರೆಯುಂಟು. 1891ರಲ್ಲಿ ಜರ್ಮನಿಯ ಲೈಪ್ಜಿಗ್ ಜಾತ್ರೆಯಲ್ಲಿ ಮಾರ್ಕ್ಲಿನ್ ಕಂಪನಿಯವರು ಒಂದೇ ಅಳತೆಯ, ತುಂಡುತುಂಡಾಗಿ ಜೋಡಿಸಬಹುದಾದ ಹಳಿಗಳನ್ನು ಪ್ರದರ್ಶಿಸಿದರು. ಅಂದಿನಿಂದ ಈ ಆಟಿಗೆಯು ಒಮ್ಮೆ ಕೊಂಡು ಮುಗಿಯುವ ವಸ್ತುವಾಗಿ ಉಳಿಯಲಿಲ್ಲ. ವರ್ಷವರ್ಷವೂ ಕೂಡಿಸುತ್ತ ಹೋಗುವ ವಸ್ತುವಾಯಿತು. 1920ರಲ್ಲಿ ಇಂಗ್ಲಂಡದ ಫ್ರ್ಯಾಂಕ್ ಹಾರ್ನ್‌ಬಿಯವರು ಕೀಲಿ ಕೊಟ್ಟು ಓಡಿಸುವ ಬಂಡಿಗಳನ್ನು ಹೊರತಂದರು. ಕೂಡಿಸಲಿಕ್ಕೆ ಬರುವದೆಲ್ಲವನ್ನೂ ಕೂಡಿಸಲೇಬೇಕೆಂಬ ಆಶೆಯು ಇಲ್ಲಿಂದಲೇ ಹುಟ್ಟುವದು. ಆದುದರಿಂದ ಮಿತಿಯನ್ನು ಅಂಗಡಿಯು ಹಾಕದು, ನಾವೇ ಹಾಕಿಕೊಳ್ಳಬೇಕು. ಅದಕ್ಕೆ ಮೂರು ಅಳತೆಗಳುಂಟು.

ಮೊದಲನೆಯದು ಸ್ಥಳ. ಎಚ್.ಓ. ಎಂಬ ಪ್ರಮಾಣದಲ್ಲಿ ಮಾದರಿಯು ನಿಜವಾದ ಬಂಡಿಯ 87ನೆಯ ಒಂದು ಪಾಲು. ಇಂದಿನ ಎಲ್.ಎಚ್.ಬಿ. ಡಬ್ಬಿಯ ಉದ್ದವು ಸುಮಾರು 23.5 ಮೀಟರು, ಅದರ ಮಾದರಿಯು 27 ಸೆಂಟಿಮೀಟರು. ಹತ್ತು ಡಬ್ಬಿಗಳಿಗೆ ಒಂದು ಎಂಜಿನು ಸೇರಿದರೆ ಬಂಡಿಯು 3 ಮೀಟರಿನ ಹತ್ತಿರ ಬರುವದು, ಅಂದರೆ ಸಾಧಾರಣ ಕೋಣೆಯ ಒಂದು ಗೋಡೆ. ಇಂಥ ಒಂದು ಪೂರ್ಣ ಬಂಡಿಗೇ ಇಷ್ಟು ಸ್ಥಳ ಬೇಕಾದ ಮೇಲೆ ಹತ್ತು ಬಂಡಿಗಳನ್ನು ತರುವವರು ಅವುಗಳನ್ನು ಪೆಟ್ಟಿಗೆಯಲ್ಲಿಯೇ ಇಡಬೇಕಾಗುವದು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟದ್ದು ಸಂಗ್ರಹವಲ್ಲ, ಉಗ್ರಾಣ.

ಎರಡನೆಯದು ಸಮಯ. ಓಡದೆ ನಿಂತ ಎಂಜಿನಿನ ಎಣ್ಣೆಯು ಗಟ್ಟಿಯಾಗುವದು. ಹಳಿಗೆ ಧೂಳು ಹತ್ತಿದರೆ ವಿದ್ಯುತ್ತು ಸರಿಯಾಗಿ ಹರಿಯದು. ಒಂದೊಂದು ಎಂಜಿನಿಗೆ ತಿಂಗಳಿಗೆ ಕಾಲು ಗಂಟೆಯನ್ನು ಕೊಡುವದಾದರೆ ಹನ್ನೆರಡಕ್ಕೆ ಮೂರು ತಾಸು ಸಾಕು. ನಾಲ್ವತ್ತಕ್ಕೆ ಹತ್ತು ತಾಸು ಬೇಕು. ಅಭ್ಯಾಸ, ಮನೆಗೆಲಸಗಳ ನಡುವೆ ಯಾವ ಬಾಲಕಿಗೆ ಅಷ್ಟು ಬಿಡುವುಂಟು? ಆರೈಕೆ ಮಾಡಲಾರದುದನ್ನು ಕೂಡಿಡುವದು ವಸ್ತುವಿಗೂ ಅನ್ಯಾಯ, ಹಣಕ್ಕೂ ಅನ್ಯಾಯ. ಒಂದು ಮಗುವಿನ ಎಂಜಿನಿಗಾಗಿ ಇನ್ನೊಂದು ಮಗುವಿನ ಪುಸ್ತಕವು ನಿಲ್ಲುವ ಮನೆಯಲ್ಲಿ ಸಂಗ್ರಹವು ಆಗಲೇ ಮಿತಿಮೀರಿದೆಯೆಂದು ತಿಳಿಯತಕ್ಕದ್ದು.

ಮೂರನೆಯದೂ ಮುಖ್ಯವಾದುದೂ ಉದ್ದೇಶ. ನಮ್ಮ ಸೀಮೆಯ ಹಳಿಯ ಕಥೆಯನ್ನೇ ನೋಡಿರಿ. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯವರು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಮೀಟರ್ ಗೇಜಿನ ಹಳಿಯನ್ನು ಹಾಕಿದರು. ಮೊದಲು ಉಗಿಯಂತ್ರ, ಆಮೇಲೆ ಡೀಸೆಲ್ ಬಂದಿತು; 1990ರ ದಶಕದಲ್ಲಿ ಹಳಿಯು ಬ್ರಾಡ್ ಗೇಜಾಯಿತು; 2023ರ ಜೂನಿನಲ್ಲಿ ಧಾರವಾಡ–ಬೆಂಗಳೂರು ವಂದೇ ಭಾರತ ಬಂಡಿಯು ಈ ದಾರಿಯಲ್ಲಿ ಓಡತೊಡಗಿತು. ಮೀಟರ್ ಗೇಜಿನ ಉಗಿಯಂತ್ರ, ಅದೇ ಗೇಜಿನ ಡೀಸೆಲ್, ಬ್ರಾಡ್ ಗೇಜಿನ ಡೀಸೆಲ್, ವಂದೇ ಭಾರತ: ಈ ನಾಲ್ಕೇ ಮಾದರಿಗಳು ಒಂದು ಶತಮಾನಕ್ಕಿಂತ ಹೆಚ್ಚಿನ ಚರಿತ್ರೆಯನ್ನು ಹೇಳುವವು. ಸಂಬಂಧವಿಲ್ಲದ ನಾಲ್ವತ್ತು ಬಂಡಿಗಳು ಏನನ್ನೂ ಹೇಳಲಾರವು. ಕೊಳ್ಳುವ ಶಕ್ತಿಯಿಲ್ಲದವರು ರಟ್ಟಿನಿಂದ ಮಾಡಬಹುದು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬಂಡಿಯಿಂದಲೂ ಆರಂಭಿಸಬಹುದು.

ಹಾಗಾದರೆ ದೊಡ್ಡ ಸಂಗ್ರಹಗಳೆಲ್ಲವೂ ವ್ಯರ್ಥವೇ? ಅಲ್ಲ. ಪುಣೆಯಲ್ಲಿ ಜೋಶಿಯವರ ಕಿರುರೇಲ್ವೆಯ ವಸ್ತುಸಂಗ್ರಹಾಲಯವು 1998ರಿಂದ ಜನರಿಗೆ ತೆರೆದಿದೆ. ಅಲ್ಲಿ ಬಂಡಿಗಳು ಕಪಾಟಿನಲ್ಲಿ ನಿಲ್ಲದೆ ಒಂದು ಪುಟ್ಟ ಪಟ್ಟಣದ ನಡುವೆ ಓಡುವವು. ಹುಬ್ಬಳ್ಳಿಯಲ್ಲಿಯೂ 2020ರಲ್ಲಿ ರೇಲ್ವೆ ವಸ್ತುಸಂಗ್ರಹಾಲಯವು ತೆರೆಯಿತು. ಹಲವರು ನೋಡುವ, ನೋಡಿಕೊಳ್ಳುವವರಿರುವ ಸಂಗ್ರಹವು ದೊಡ್ಡದಾದರೆ ದೋಷವಿಲ್ಲ. ಮನೆಯ ಸಂಗ್ರಹವನ್ನು ಮನೆಯ ಅಳತೆಗೇ ಹೊಲಿಯಬೇಕು.

ಪಾಲಕರಿಗೆ ನಮ್ಮ ಸೂಚನೆಯಿಷ್ಟೇ. ಮಗಳ ಕೈಗೆ ಒಂದು ದಫ್ತರವನ್ನು ಕೊಡಿರಿ. ಪ್ರತಿಯೊಂದು ಬಂಡಿಯ ಹೆಸರು, ಪ್ರಮಾಣ, ಕೊಂಡ ದಿನ, ಬೆಲೆ, ಅದರ ಕಥೆಯನ್ನು ಎರಡು ಸಾಲಿನಲ್ಲಿ ಅವಳೇ ಬರೆಯಲಿ. ಯಾವದರ ಕಥೆಯನ್ನು ಬರೆಯಲಿಕ್ಕಾಗದೋ ಅದನ್ನು ಕೊಳ್ಳುವದು ಬೇಡ. ಕಪಾಟು ತುಂಬಿದ ಮೇಲೆ ಹೊಸದೊಂದು ಬಂದರೆ ಹಳೆಯದೊಂದು ನೆರೆಮನೆಯ ಮಗುವಿಗೆ ಹೋಗಲಿ. ಹೀಗೆ ಮಾಡಿದರೆ ಸಂಗ್ರಹವು ಸಣ್ಣದಾಗಿಯೇ ಉಳಿಯಬಹುದು. ಆದರೆ ಅದರಲ್ಲಿಯ ಪ್ರತಿಯೊಂದು ವಸ್ತುವನ್ನೂ ಹೆಸರು ಹಿಡಿದು ಬಲ್ಲವರು ಮನೆಯಲ್ಲಿ ಇದ್ದೇ ಇರುವರು.