ಹನ್ನೊಂದು ಜನರ ಒಂದು ಗಂಟೆ

ತಾರ್ನಾಕದಿಂದ ರಾಯದುರ್ಗಂಗೆ ಮೆಟ್ರೋದಲ್ಲಿ ಸುಮಾರು ಮುಕ್ಕಾಲು ಗಂಟೆ. ಸೀಟು ಸಿಕ್ಕ ದಿನ ಅವತ್ತಿನ ಮೀಟಿಂಗ್‌ಗಳ ಪಟ್ಟಿ ತೆಗೆದು ನೋಡುತ್ತೇನೆ. ಎರಡು ವರ್ಷದ ಹಿಂದೆ ಆ ಪಟ್ಟಿ ನೋಡಿದರೆ ಮೆಟ್ಟುಗೂಡದಲ್ಲೇ ಇಳಿದು ಮನೆಗೆ ವಾಪಸು ಹೋಗೋಣ ಅನ್ನಿಸುತ್ತಿತ್ತು. ತಮಾಷೆಯೆಂದರೆ ಅವುಗಳಲ್ಲಿ ಅರ್ಧದಷ್ಟನ್ನು ಕರೆಯುತ್ತಿದ್ದವನು ನಾನೇ.

ಸೋಮವಾರದ್ದು ದೊಡ್ಡ ಮೀಟಿಂಗ್. ಹನ್ನೊಂದು ಜನ, ಒಂದು ಗಂಟೆ. ಗಡಿಯಾರಕ್ಕೆ ಒಂದು ಗಂಟೆಯಾದರೂ ಕಂಪನಿಯ ಲೆಕ್ಕಕ್ಕೆ ಹನ್ನೊಂದು ಗಂಟೆ. ಅದರಲ್ಲಿ ಮುಕ್ಕಾಲು ಪಾಲು ನನ್ನದೇ ಮಾತು.

ಅಂಥ ಒಂದು ಸೋಮವಾರ, ಎಲ್ಲ ಮುಗಿಯುವ ಹೊತ್ತಿಗೆ ರಾಯಚೂರು ಕಡೆಯ ಹೊಸ ಹುಡುಗಿ "ಸರ್, ಒಂದು ಡೌಟ್..." ಎಂದಳು. ಇಂಗ್ಲಿಷಿನಲ್ಲಿ ಪದ ಹುಡುಕುತ್ತಿದ್ದಳು. "ಟೈಮ್ ಆಯ್ತು, ಮೇಲ್ ಮಾಡಿ" ಅಂದುಬಿಟ್ಟೆ. ಮೇಲ್ ಬರಲಿಲ್ಲ. ನಾನೂ ಕೇಳಲಿಲ್ಲ. ಶನಿವಾರ ರಾತ್ರಿ ರಿಲೀಸ್ ಅರ್ಧಕ್ಕೆ ನಿಂತಿತು. ಹಳೆಯ ಡೇಟಾವನ್ನು ಹೊಸ ಟೇಬಲ್‌ಗೆ ಸಾಗಿಸುವ ಕೆಲಸವನ್ನು ಪೂರ್ಣ ಪ್ರಮಾಣದ ಡೇಟಾ ಇಟ್ಟು ಯಾರೂ ಪರೀಕ್ಷಿಸಿರಲಿಲ್ಲ. ಭಾನುವಾರ ಸಂಜೆವರೆಗೆ ಇಡೀ ತಂಡ ಕೂತು ಸರಿಪಡಿಸಿತು. ಮರುದಿನ ಕ್ಯಾಂಟೀನಿನಲ್ಲಿ ಅವಳು ಮೆಲ್ಲಗೆ, "ಅವತ್ತು ಅದನ್ನ ಹೇಳಾಕ ಬಂದಿದ್ದೆ ಸರ್" ಎಂದಳು.

ಅವತ್ತಿನ ಮೀಟಿಂಗಿನಲ್ಲಿ ನಾವು ಚರ್ಚಿಸಿದ್ದೇನು? ಡ್ಯಾಶ್‌ಬೋರ್ಡಿನ ಬಣ್ಣ. ಇಪ್ಪತ್ತು ನಿಮಿಷ.

ಈ ರೋಗವನ್ನು ಪಾರ್ಕಿನ್ಸನ್ ಎಂಬ ಬ್ರಿಟಿಷ್ ಲೇಖಕ 1950ರ ದಶಕದಲ್ಲೇ ಗೇಲಿ ಮಾಡಿದ್ದ. ಅವನ ಕಲ್ಪನೆಯ ಸಮಿತಿಯೊಂದು ಒಂದು ಕೋಟಿ ಪೌಂಡಿನ ಅಣು ಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ, 350 ಪೌಂಡಿನ ಸೈಕಲ್ ಶೆಡ್ಡಿಗೆ ಮುಕ್ಕಾಲು ಗಂಟೆ ಕಿತ್ತಾಡುತ್ತದೆ. ಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ ಎಲ್ಲರಿಗೂ ಗೊತ್ತು!

ಆಮೇಲೆ ಕೆಲವನ್ನು ಬದಲಿಸಿದೆ. ಯಾರು ಏನು ಮಾಡಿದರು ಎಂಬ ವರದಿ ಈಗ ಚಾಟ್‌ನಲ್ಲಿ. ಮೀಟಿಂಗಿನ ಆಹ್ವಾನದಲ್ಲಿ ವಿಷಯ ಬರೆಯುವುದಿಲ್ಲ, ಪ್ರಶ್ನೆ ಬರೆಯುತ್ತೇನೆ: "ರಿಲೀಸ್ ಪ್ಲಾನ್" ಅಲ್ಲ, "ಶನಿವಾರ ರಿಲೀಸ್ ಮಾಡಬಹುದೇ?" ಉತ್ತರ ಕೊಡಬೇಕಾದವರಷ್ಟೇ ಬರುತ್ತಾರೆ, ಸಾಮಾನ್ಯವಾಗಿ ಐದಾರು ಜನ. ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿದರು. ಬರೆದು ತಂದ ಟಿಪ್ಪಣಿಯನ್ನು ಎಲ್ಲರೂ ಮೊದಲು ಮೌನವಾಗಿ ಓದುವ ಪದ್ಧತಿ ಅಲ್ಲಿ ಬಂತು. ಅವರದು ಆರು ಪುಟ. ನಮ್ಮದು ಒಂದೇ, ಅದನ್ನು ಬರೆಸುವುದೇ ಸಾಹಸ.

ಓದಿದ ಮೇಲೆ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ನಾನು ಕೊನೆಗೆ. ತೆಲುಗು, ಹಿಂದಿ ಯಾವುದಾದರೂ ನಡೆಯುತ್ತದೆ. ಅವಳು ಕನ್ನಡದಲ್ಲಿ ಹೇಳಿದರೆ ನಾನೇ ಅನುವಾದಕ. ಮೊದಮೊದಲು ಬರೀ ಮೌನ. ಆ ಮೌನದಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು, ನಿಜ ಹೇಳುತ್ತೇನೆ, ನನ್ನಂಥ ವಾಚಾಳಿಗೆ ಶಿಕ್ಷೆ. ಕೊನೆಯ ಐದು ನಿಮಿಷ ಯಾರು, ಏನು, ಯಾವಾಗ ಎಂದು ಬರೆಯುವುದಕ್ಕೆ ಮೀಸಲು.

ದಿನದ ಸ್ಟ್ಯಾಂಡ್‌ಅಪ್ ಇನ್ನೂ ಹಳಿಗೆ ಬಂದಿಲ್ಲ. ಸ್ಕ್ರಮ್ ಗೈಡ್ ಪ್ರಕಾರ ಅದು 15 ನಿಮಿಷ, ಅದೂ ಡೆವಲಪರ್‌ಗಳಿಗೆ. ನಾನು ಇದ್ದರೆ ಎಲ್ಲರೂ ನನ್ನ ಕಡೆ ತಿರುಗಿ ಲೆಕ್ಕ ಒಪ್ಪಿಸುತ್ತಾರೆ. ಹಾಗಾಗಿ ವಾರಕ್ಕೆರಡು ದಿನ ಹೋಗುವುದನ್ನೇ ಬಿಟ್ಟಿದ್ದೇನೆ.

ಕಳೆದ ತಿಂಗಳು ಕ್ಲೈಂಟ್ ಲೈನಿನಲ್ಲಿದ್ದಾಗಲೇ ಅವಳು, "ಈ ಶನಿವಾರ ಬೇಡ, ಟೆಸ್ಟಿಂಗ್ ಮುಗಿದಿಲ್ಲ" ಎಂದಳು. ನನಗೆ ಒಳಗೊಳಗೇ ಸಿಟ್ಟು ಬಂತು. ನನ್ನ ಸರದಿ ಕೊನೆಯದು, ಕಾದೆ. ಅಷ್ಟರಲ್ಲಿ ಇನ್ನಿಬ್ಬರು ಅವಳ ಮಾತಿಗೆ ಹೂಂ ಅಂದಿದ್ದರು. ನಾಲ್ಕು ದಿನ ಮುಂದೂಡಿದೆವು. ಕ್ಲೈಂಟಿನ ಸಿಡುಕಿನ ಮೇಲ್ ಮರುದಿನ ಮೆಟ್ರೋದಲ್ಲಿ ಓದಿದೆ. ಹೆಸರು ನನ್ನದೊಂದೇ ಇತ್ತು. ಯಾರಿಗೂ ಫಾರ್ವರ್ಡ್ ಮಾಡಲಿಲ್ಲ.